ಹಿಂದೆ ಇಣಿ ಇದ್ದ ಗಾಡಿ

ಹಳೆಯ ಕಾರಿನ ಹಿಂಭಾಗದಿಂದ ಒಂದು ತುಂಡು ಬಿಚ್ಚಿಸಿದ್ದನ್ನೇ ಕಥೆ ಎಂದು ಹೇಳಹೊರಟಿದ್ದೇನೆ, ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ಯಾವುದು ಹೇಳುವಂಥದ್ದು, ಯಾವುದು ಅಲ್ಲ ಎಂಬ ಅಂದಾಜು ಇನ್ನೂ ಸಿಕ್ಕಿಲ್ಲ. ನನ್ನ ಹೆಂಡತಿ ಸವಿತಾ, "ಮಾವನ ಬಗ್ಗೆ ಬರೀರಿ, ನಿಮ್ಮ ಬಗ್ಗೆ ಉದ್ದ ಎಳೀಬ್ಯಾಡ್ರಿ" ಅಂದಿದ್ದಾಳೆ.

ರಾಯಚೂರಿನಲ್ಲಿ ನಾವು ಕೊಂಡದ್ದು ಇಬ್ಬರು ಓಡಿಸಿ ಬಿಟ್ಟ ಕಾರು. ಡಿಕ್ಕಿಯ ಮುಚ್ಚಳದ ಮೇಲೆ ಈ ತುದಿಯಿಂದ ಆ ತುದಿಗೆ ರೆಕ್ಕೆಯಂಥ ಸ್ಪಾಯ್ಲರ್. ಕಂಪನಿಯೇ ಕೂಡಿಸಿ ಕಳಿಸಿದ್ದು. ನಮ್ಮೂರು ಮಸರಕಲ್ಲಿನಲ್ಲಿ ಅಣ್ಣನ ಜೊತೆ ಇರುವ ಅಪ್ಪ ಗದ್ದೆಪ್ಪನಿಗೆ ತೋರಿಸಲು ಒಯ್ದೆವು. ದೇವದುರ್ಗದ ಸಂತೆಗೆ ಎತ್ತು ಕೊಳ್ಳಲು ಹೋಗುವವರು ಅಪ್ಪನನ್ನು ಕರೆದೊಯ್ಯುವುದುಂಟು. ಸುಳಿ ಸರಿಯಿಲ್ಲ ಎಂದು ಅವನು ತಲೆ ಅಲ್ಲಾಡಿಸಿದರೆ ವ್ಯಾಪಾರ ಮುಗಿಯಿತು. ಕಾರನ್ನೂ ಹಾಗೆಯೇ ನೋಡಿದ. ಬಗ್ಗಿ ದೀಪ ನೋಡಿ, ಅದರ ಬೆನ್ನು ಸವರುತ್ತ ಹಿಂದಕ್ಕೆ ಬಂದು ನಿಂತ.

"ಯಾವ ಎತ್ತಿಗರೆ ಬಾಲದ ಮ್ಯಾಲೆ ಇಣಿ ಇರತಾದೇನಲೇ? ಡುಬ್ಬ ಅನ್ನೂದು ಹೆಗಲ ಮ್ಯಾಲೆ ಇರಬೇಕು. ಇದು ಐಬಿನ ದನ. ನಾ ಹತ್ತಂಗಿಲ್ಲ."

"ಯಪ್ಪಾ, ಇದು ಕಾರು. ಗಾಳಿಗೆ ಗಾಡಿ ನೆಲ ಬಿಡಬಾರದಂತ ಹಾಕಿರತಾರ."

"ನೆಲ ಬಿಡೂ ಗಾಡಿ ತಂದೀಯೇನು? ಹಂಗಾದ್ರ ಮೊದಲೇ ಹತ್ತಂಗಿಲ್ಲ."

ಸವಿತಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಮಾನ್ವಿಯಲ್ಲಿ ತಂಗಿ ದುರ್ಗಾದೇವಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ತಾಯಿಯ ತಂದೆ ಬಂದು ಕೂಸಿಗೆ ಉಡದಾರ ಕಟ್ಟುವುದು ನಮ್ಮ ಮನೆಯ ರೂಢಿ. ಸೊಂಟ ಹಿಡಿದಾಗಿನಿಂದ ಅಪ್ಪನಿಗೆ ಬಸ್ಸು ಹತ್ತಿ ಇಳಿಯಲು ಆಗುತ್ತಿರಲಿಲ್ಲ. "ಯಪ್ಪ ಬರಲಿಲ್ಲಂದ್ರ ತೊಟ್ಟಿಲಿಗೆ ಹಾಕಂಗಿಲ್ಲ ನೋಡು" ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು.

ರಾಯಚೂರಿಗೆ ಮರಳಿ ಮೆಕ್ಯಾನಿಕ್ ಮೀರಾಹುಸೇನನ ಬಳಿ ಹೋದೆ.

"ಕಂಪನಿ ಫಿಟ್ಟಿಂಗ್ ಅದರೀ ಸರ್. ಮಂದಿ ಹುಡುಕ್ಯಾಡಿ ಹಾಕಿಸ್ಕೊಂತಾರ. ನೀವು ತಗಸ್ತೀರಿ?"

"ನಮ್ಮಪ್ಪಗ ಮನಸಿಗೆ ಬರವಲ್ದು."

"ಅಪ್ಪಾರು ಅಂದ್ರ ಮುಗೀತ್ ಬಿಡ್ರಿ."

ಡಿಕ್ಕಿಯ ಒಳಗಿನಿಂದ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ಬಿಚ್ಚಿದ. ಸ್ಪಾಯ್ಲರಿನ ಬ್ರೇಕ್ ದೀಪದ ವೈರು ಕಳಚಿದ. ಆದರೂ ಅದು ಅಲ್ಲಾಡಲಿಲ್ಲ. ಕೆಳಗೆ ಅಂಟು ಇತ್ತು. ಬಿಸಿನೀರು ಸುರಿದು, ಸಂದಿಯಲ್ಲಿ ನೈಲಾನ್ ದಾರ ತೂರಿಸಿ, ಆ ತುದಿ ಅವನು, ಈ ತುದಿ ನಾನು, ಗರಗಸದ ಹಾಗೆ ಎಳೆದೆವು. ಬಣ್ಣ ಕಿತ್ತು ಬಂದೀತೆಂದು ನಾನು ನಡುನಡುವೆ ನಿಲ್ಲಿಸುತ್ತಿದ್ದೆ.

"ಎಳಿಯಾಕತ್ತೀರೋ, ಹೆದರಾಕತ್ತೀರೋ ಸರ್?"

ಕೊನೆಗೆ ಎದ್ದು ಬಂತು. ಕೆಳಗಿದ್ದ ಬಣ್ಣ ಹೊಸ ಕಾರಿನದಂತೆ ಹೊಳೆಯುತ್ತಿತ್ತು, ಅದರಲ್ಲಿ ಬೋಲ್ಟಿನ ತೂತುಗಳು. ಮಳೆನೀರು ಇಳಿಯದಂತೆ ರಬ್ಬರ್ ಬಿರಡೆ ಹಾಕಿದ. ಪಕ್ಕದ ಬ್ರೇಕ್ ದೀಪಗಳು ಹತ್ತುತ್ತವೆಯೇ ಎಂದು ನಾನು ಮತ್ತೆ ಮತ್ತೆ ನೋಡಿಸಿದೆ.

ತೊಟ್ಟಿಲಿನ ದಿನ ಬೆಳಿಗ್ಗೆ ಮಸರಕಲ್ಲಿಗೆ ಹೋದಾಗ ಅಪ್ಪ ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದ. ಎದ್ದು ಬಂದು ಡಿಕ್ಕಿ ಸವರಿದ. ಬೆರಳು ಬಿರಡೆಯ ಮೇಲೆ ನಿಂತಿತು.

"ಏನಿದು?"

"ಅದನ್ನ ತಗಸೀನಿ ಯಪ್ಪಾ. ತೂತು ಉಳದಾವ."

"ಕೊಯ್ಸೀಯೇನಲೇ! ಹುಟ್ಟಿದಾಗಿಂದ ಇದ್ದದ್ದನ್ನ?"

"ನೀನ ಅಲಾ ಐಬು ಅಂದದ್ದು?"

"ಐಬಿದ್ರ ತರಬ್ಯಾಡ ಅಂತೀನಿ. ತಂದು ಕಟ್ಟಿದ ಮ್ಯಾಲೆ ಕೊಯ್ಯಿ ಅಂತ ಯಾವತ್ತರ ಅಂದೀನೇನು?"

ಅಪ್ಪ ಒಳಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ತಂಗಿಗೆ ಏನು ಹೇಳಲಿ ಎಂದು ಸವಿತಾಳ ಮುಖ ನೋಡಿದೆ. ಅಷ್ಟರಲ್ಲಿ ಅಪ್ಪ ಎಣ್ಣೆಯಲ್ಲಿ ಅರಿಶಿನ ಕಲೆಸಿದ ಬಟ್ಟಲು ಹಿಡಿದು ಹೊರಗೆ ಬಂದ. ಒಂದೊಂದು ಬಿರಡೆಗೂ ಬೆರಳಿನಿಂದ ಹಚ್ಚಿದ.

"ಗಾಯ ಆದ ದನಾನ ಒಂಟಿ ಬಿಡಬಾರದು. ನಡಿ, ನಾನೂ ಬರತೀನಿ. ಕೊಯ್ದದ್ದೆಲ್ಲಿ?"

ಡಿಕ್ಕಿಯಲ್ಲಿತ್ತು. ಅಪ್ಪ ಹಿಂದಿನ ಸೀಟಿನಲ್ಲಿ ಕುಳಿತು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಸವಿತಾ ಮುಂದಿನ ಸೀಟಿಗೆ ಬಂದಳು. ತಗ್ಗು ಬಂದಾಗಲೆಲ್ಲ ಅಪ್ಪ ಅದನ್ನು ಅವುಚಿ ಹಿಡಿಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಮಾನ್ವಿಯಲ್ಲಿ ತಂಗಿ ಬಾಗಿಲಿಗೆ ಓಡಿ ಬಂದಳು.

"ಕೂಸಿಗೆ ಇದನ್ನ ತಂದೀಯೇನು ಯಪ್ಪಾ?"

"ನಿಮ್ಮಣ್ಣನ ಗಾಡಿ ಇಣಿ ಬೇ ಇದು. ಜ್ವಾಕಿ, ಹಿಡಿ."

ಕೈ ಖಾಲಿಯಾದ ಮೇಲೆ ಅಪ್ಪ ಉಡದಾರ ತೆಗೆದ. ಕಟ್ಟುವಾಗ ಬೆರಳಿನ ಅರಿಶಿನ ಕೂಸಿನ ಹೊಟ್ಟೆಗೆ ಹತ್ತಿತು, ಯಾರೂ ಒರೆಸಲಿಲ್ಲ.

ಅಪ್ಪ ಕಾರನ್ನು ದನವೆಂದೇ ಎಣಿಸಿದ್ದನೋ, ಹತ್ತಲು ಹೆದರಿದ್ದನೋ, ನನ್ನನ್ನು ಕಾಡಿಸುತ್ತಿದ್ದನೋ ನನಗೆ ತಿಳಿದಿಲ್ಲ. ನಾನು ಕೇಳಿಯೂ ಇಲ್ಲ. ಸ್ಪಾಯ್ಲರ್ ಬಿಚ್ಚದೆ ಹೋಗಿದ್ದರೂ ಅವನು ಅಂದು ಬರುತ್ತಿದ್ದನೇ ಎಂಬುದೂ ಗೊತ್ತಿಲ್ಲ.