ತೂಕ ನೋಡಿ ತಂದ ಸ್ಟಾರ್ಟರ್

ಗಲ್ಫಿಗೆ ಹೋದವರಿಗೆ ನಾಲ್ಕೇ ವರ್ಷದಲ್ಲಿ ಸಕಲ ವಿದ್ಯೆಯೂ ಬಂದುಬಿಡುತ್ತದೆ. ಕಲ್ಯಾಣಪುರದ ಸಿಲ್ವೆಸ್ಟರ್ ಮಸ್ಕತ್‌ನ ಆಫೀಸೊಂದರಲ್ಲಿ ಫೈಲು ಜೋಡಿಸುವ ಗುಮಾಸ್ತ. ಕಾರಿನ ಮಾತು ಬಂದರೆ ಮಾತ್ರ, ಕಾಪುವಿನಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ನನಗೇ ಕಾಗದದಲ್ಲಿ ಪಾಠ ಹೇಳುತ್ತಿದ್ದ.

ಕಾರು ಅವನ ತೀರಿಹೋದ ತಂದೆ ಲೂಯಿಸರದು, 1952ರ ಆಸ್ಟಿನ್. ಕೊನೆಕೊನೆಗೆ ಅದು ನೂಕದೆ ಹೊರಟದ್ದೇ ಇಲ್ಲ. 1981ರಲ್ಲಿ ತಂಗಿ ಲೊರ್ನಾಳ ಸಂಬಂಧ ಮಾತಾಡಲು ಕಾರ್ಕಳಕ್ಕೆ ಹೋದಾಗ ಗಂಡಿನ ಕಡೆಯವರೇ ನಗುತ್ತಾ ನೂಕಿ ಕಳುಹಿಸಿದರಂತೆ. ತಾಯಿ ಅಪೊಲೋನಿಯಾ ಬಾಯಿಯವರ ಮುಖ ಅಲ್ಲಿಯೇ ಸಣ್ಣದಾಯಿತು. ಮದುವೆಯ ದಿನ ಅದೇ ಕಾರ್ಕಳದವರ ಎದುರು ಅಪ್ಪನ ಕಾರು ಕೀ ತಿರುಗಿಸಿದ ಕೂಡಲೇ ಹೊರಡಬೇಕು, ಅಮ್ಮ ತಲೆಯೆತ್ತಿ ಕೂತಿರಬೇಕು ಎಂದು ಸಿಲ್ವೆಸ್ಟರ್ ಬರೆದ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಅಪಘಾತವಾದ ವ್ಯಾನೊಂದರ ಡೀಸೆಲ್ ಇಂಜಿನ್ ತಂದು ನಾನು ಆಸ್ಟಿನ್ನಿನೊಳಗೆ ಕೂರಿಸಿದೆ. ಈ ಜಿಲ್ಲೆಯಲ್ಲಿ ಇನ್ನೊಬ್ಬ ಆ ಕೆಲಸ ಮಾಡಲಿ ನೋಡುವ. ಸ್ಟಾರ್ಟರ್ ಮೋಟರ್ ಮಾತ್ರ ಅಪಘಾತದಲ್ಲಿ ಜಜ್ಜಿಹೋಗಿತ್ತು. ಹಳೆಯದೊಂದಕ್ಕೆ ಹೊಸ ತಂತಿ ಸುತ್ತಿಸಿ, ರಿವೈಂಡ್ ಮಾಡಿಸಿ ಹಾಕುತ್ತೇನೆ ಎಂದರೆ ಸಾಹೇಬರಿಗೆ ಊರಿನ ಮಾಲು ಆಗುವುದಿಲ್ಲ, ಜಪಾನಿನದ್ದೇ ತರುತ್ತಾರಂತೆ. ಸರಿ ಎಂದು ಹಲ್ಲುಗಳ ಸಂಖ್ಯೆ, ಬೋಲ್ಟಿನ ಅಳತೆ ಎಲ್ಲ ಬರೆದೆ. ಡೀಸೆಲ್ ಇಂಜಿನ್ ತಿರುಗಿಸಲು ಪೆಟ್ರೋಲ್ ಕಾರಿನ ಸ್ಟಾರ್ಟರಿಗೆ ದಮ್ಮು ಸಾಲದು, ಭಾರದ್ದೇ ಆಗಬೇಕು ಎಂದು ಅಡಿಗೆರೆ ಎಳೆದು ಬರೆದೆ.

ಅವನು ಬಂದದ್ದು ಮದುವೆಗೆ ಎರಡು ದಿನ ಇರುವಾಗ. ಟವೆಲಿನಲ್ಲಿ ಸುತ್ತಿದ್ದ ಸ್ಟಾರ್ಟರನ್ನು ಬಿಚ್ಚಿ ಕೊಟ್ಟ. ಒಂದೇ ಕೈಯಲ್ಲಿ ಎತ್ತಿದೆ, ನಗು ಬಂತು. ಪೆಟ್ರೋಲ್ ಕಾರಿನದು! ವಿಮಾನದವರು ಬಿಡುವುದೇ ಇಪ್ಪತ್ತು ಕಿಲೋ, ಭಾರದ್ದು ಹಿಡಿಯಲಿಲ್ಲ, ಹಲ್ಲು ಹೊಂದುತ್ತದೆ, ದೊಡ್ಡ ಬ್ಯಾಟರಿ ಹಾಕಿದರೆ ಆದೀತು ಎಂದ. ಹಿಡಿಯುವುದು ಹೇಗೆ? ಅತ್ತೆಗೆ ಕಂಬಳಿ, ಮಾವನಿಗೆ ಟಾರ್ಚು, ನೆರೆಕರೆಗೆಲ್ಲ ಸೆಂಟು, ಸಾಬೂನು. ಬಟಾಟೆ ತೂಗಿದ ಹಾಗೆ ತೂಗಿ ಸ್ಟಾರ್ಟರ್ ಆರಿಸಿದ ಬುದ್ಧಿವಂತನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗ್ಯಾರೇಜಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ ಕೂಡಾ.

ಹಾಕಿ ಕೀ ತಿರುಗಿಸಿದೆವು. ಇಂಜಿನ್ ಅರ್ಧ ಸುತ್ತು ಬಂದು ನಿಂತಿತು. ಮತ್ತೆರಡು ಸಲ ನೋಡುವಷ್ಟರಲ್ಲಿ ವೈಂಡಿಂಗ್ ಸುಟ್ಟು ಹೊಗೆ ಎದ್ದಿತು.

"ಸ್ವಲ್ಪ ಸೆಂಟು ಹಾಕು ಮಾರಾಯ, ವಾಸನೆಯಾದರೂ ಹೋಗಲಿ," ಎಂದೆ. ಅವನು ಬಗ್ಗಿ ಬ್ಯಾಟರಿಯ ವಯರು ಕಳಚಿದ.

ರಿವೈಂಡಿಂಗಿಗೆ ಮಂಗಳೂರಿನಲ್ಲಿ ವಾರ ಬೇಕು. ಮದುವೆಯ ದಿನ ಕಾರು ನೂಕಿಸಿಕೊಂಡೇ ಇಗರ್ಜಿಗೆ ಹೊರಟಿತು. ನಾನಂತೂ ಕೈ ಹಾಕುವುದಿಲ್ಲ, ಇನ್ನೊಬ್ಬರ ದಡ್ಡತನ ನೂಕುವುದು ನನ್ನ ಕಸುಬಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಮದುವೆ ಮುಗಿದು ಮದುಮಕ್ಕಳು ಹಿಂದೆ ಕೂತರು, ಅಪೊಲೋನಿಯಾ ಬಾಯಿ ಮುಂದೆ, ಸ್ಟೇರಿಂಗಿಗೆ ಸಿಲ್ವೆಸ್ಟರ್. ಕಾರ್ಕಳದವರು ನಗುತ್ತಾ ಕೋಟಿನ ತೋಳು ಮಡಚಿದರು. ಬಾಯಿಯವರು ತಲೆ ತಗ್ಗಿಸಿ ಜಪಮಣಿ ಹಿಡಿದಿದ್ದರು. ನಾನು ಮರದಡಿ ಕೈಕಟ್ಟಿ ನಿಂತು, ಪಕ್ಕದಲ್ಲಿದ್ದವರಿಗೆ ತೂಕದ ಕಥೆಯನ್ನು ರಸವತ್ತಾಗಿ ವರ್ಣಿಸುತ್ತಿದ್ದೆ. ಸಿಲ್ವೆಸ್ಟರ್ ಇಳಿದು ನನ್ನ ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆ. ಅವನು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ದೇವದಾಸಣ್ಣ, ನೀವು ಹೇಳಿದ ಸ್ಟಾರ್ಟರನ್ನೇ ಅಂಗಡಿಯಲ್ಲಿ ತೆಗೆದಿರಿಸಿದ್ದೆ. ಅದು ಮತ್ತು ನಿಮ್ಮ ಟೇಪ್ ರೆಕಾರ್ಡರ್ ಎರಡೂ ಒಟ್ಟಿಗೆ ತೂಕದಲ್ಲಿ ಹಿಡಿಯುವುದಿಲ್ಲ ಅಂತ ಆಯಿತು. ಅಪ್ಪನ ಕಾರಿಗೆ ನೀವು ಅಷ್ಟು ಮಾಡಿದ್ದೀರಿ, ನಿಮಗೆ ಇಲ್ಲ ಅನ್ನುವುದು ಹೇಗೆ? ಇನ್ನು ಇವರ ಎದುರು ಆ ತೂಕದ ಕಥೆ ಹೇಳಬೇಡಿ. ಅಮ್ಮನಿಗೆ ಕೇಳ್ತಾ ಉಂಟು."

ನಿಜ. ಹಲ್ಲು, ಬೋಲ್ಟು ಎಲ್ಲ ಬರೆದ ಅದೇ ಕಾಗದದ ಕೊನೆಗೆ, ನನಗೊಂದು ಟೇಪ್ ರೆಕಾರ್ಡರ್ ತಾ, ಎರಡು ಸ್ಪೀಕರಿನ ದೊಡ್ಡದೇ ಆಗಬೇಕು ಎಂದು ಬರೆದದ್ದು ನಾನು. ಸ್ಟಾರ್ಟರ್ ಬಂದ ದಿನವೇ ಅದೂ ಬಂದಿತ್ತು. ಏಳು ಕಿಲೋ ಇರಬಹುದು. ಮನೆಗೆ ಹೊರುವಾಗ ಒಳ್ಳೆಯ ಭಾರ ಉಂಟು, ಗಟ್ಟಿ ಮಾಲು ಎಂದು ಖುಷಿಪಟ್ಟಿದ್ದೆ.

ಹೋಗಿ ಕಾರ್ಕಳದವರ ನಡುವೆ ಜಾಗ ಮಾಡಿಕೊಂಡು ಡಿಕ್ಕಿಗೆ ಹೆಗಲು ಕೊಟ್ಟೆ. ಅಪೊಲೋನಿಯಾ ಬಾಯಿ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ತಲೆ ಎತ್ತಲಿಲ್ಲ.