ಸಂಕದ ಬಾಯಿಯ ಕೋವಿ

ಮಂಜನ ಹೆಣ ಹೊರಲು ನಾಲ್ಕನೆಯ ಹೆಗಲು ಇರಲಿಲ್ಲ. ಮುಂದೆ ಅವನ ಹೆಂಡತಿ ವನಜಳ ಇಬ್ಬರು ತಮ್ಮಂದಿರು, ಬೀಜಾಡಿಯಿಂದ ಬಂದವರು. ಹಿಂದೆ ಪಂಚಾಯತಿ ಸದಸ್ಯ ಸುಧೀರ್. ಮೂವರೂ ಚಟ್ಟವನ್ನು ಎರಡು ಸಲ ಎತ್ತಿ ನೋಡಿದರು. ಎರಡು ಸಲವೂ ಅದು ಖಾಲಿ ಮೂಲೆಗೆ ವಾಲಿತು. ಆಂಬುಲೆನ್ಸಿನ ಚಾಲಕ ಆಗಲೇ ಗಾಡಿ ತಿರುಗಿಸಿಕೊಂಡು ಹೋಗಿಯಾಗಿತ್ತು. ವನಜ ಗಂಡನ ಕಾಲ ಬುಡದಲ್ಲಿ ಕೂತಿದ್ದಳು. ಮಗಳು ಶರಣ್ಯಾಳ ಕೈಯಲ್ಲಿ ಆಸ್ಪತ್ರೆಯ ರಿಪೋರ್ಟು ಇತ್ತು. ಮುಂಬೈಯಿಂದ ಬಂದ ಮಂಜನಿಗೆ ಕೊರೋನಾ ಇರಲಿಲ್ಲ.

ದಿನಕರ ಇದನ್ನೆಲ್ಲ ಹೊಳೆಯ ಈಚೆಯಿಂದ ನೋಡುತ್ತಿದ್ದ. ಅವನದೂ ಮಂಜನದೂ ಒಂದೇ ಕುದ್ರು. ಸುತ್ತ ಹೊಳೆ, ನಡುವೆ ಮೂವತ್ತು ಮನೆ, ಸಿಹಿನೀರಿನ ಬಾವಿ ಒಂದು, ಆಚೆ ದಡಕ್ಕೆ ದಾಟಲು ಕಾಲುಸಂಕ ಒಂದು. ಸಂಕದ ಈ ತುದಿಗೆ ಗಾಳಿಮರದ ದಿಮ್ಮಿ ಅಡ್ಡ ಬಿದ್ದಿತ್ತು. ಲಾಕ್‌ಡೌನ್ ಬಂದ ಮೇಲೆ ಕುದ್ರುವಿನ ಹುಡುಗರು ಹಾಕಿದ ಕಾವಲು ಅದು. ದಿಮ್ಮಿಯ ಮೇಲೆ ರಜತ್ ಕೂತಿದ್ದ. ಅವನ ತೊಡೆಯ ಮೇಲೆ ದಿನಕರನ ಕೋವಿ ಇತ್ತು.

"ನಾನ್ ಹೋತೆ," ಅಂದ ದಿನಕರ.

"ಹೋಪುಕೆ ಅಡ್ಡಿಲ್ಲೆ, ದಿನಕರಣ್ಣ. ಬಪ್ಪುಕಾಗ. ಹೆಣ ಮುಟ್ಟ್ರೆ ನೀವೂ ಆಚಿ ದಡದವ್ರೇ."

"ರಿಪೋರ್ಟಲ್ಲಿ ಎಂತದೂ ಇಲ್ಲೆ ಅಂಬ್ರಲೆ."

"ರಿಪೋರ್ಟ್ ಬರ್ದವ್ರ್ ಕುದ್ರಲ್ಲಿ ಬಂದ್ ಇರ್ತ್ರಾ?"

ಉಳಿದ ಹುಡುಗರು ಮಾಸ್ಕಿನ ಒಳಗೇ ನಕ್ಕರು. ದಿನಕರ ದಿಮ್ಮಿ ದಾಟಿ ಸಂಕಕ್ಕೆ ಕಾಲಿಟ್ಟ. ಕೋವಿಯ ಬಾಯಿ ತನ್ನ ಬೆನ್ನಿಗಿದೆಯೋ ಹೊಳೆಗಿದೆಯೋ ಎಂದು ತಿರುಗಿ ನೋಡಲಿಲ್ಲ.

*

ಯಡ್ತರೆಯ ಗದ್ದೆಗೆ ಹಂದಿ ನುಗ್ಗುತ್ತದೆಂದು ದಿನಕರನ ಅಪ್ಪ ಪರವಾನಗಿ ಮಾಡಿಸಿದ ಒಂಟಿ ನಳಿಗೆಯ ಕೋವಿ ಅದು. ಗದ್ದೆ ಮಾರಿಹೋಯಿತು, ಕೋವಿ ಉಳಿಯಿತು. ಮುಂಬೈಯವರು ಲಾರಿ ಹತ್ತಿ ಬರುತ್ತಿದ್ದಾರೆ, ಬಂದ ಕಡೆಯೆಲ್ಲ ಕಾಯಿಲೆ ಬರುತ್ತಿದೆ ಎಂಬ ಸುದ್ದಿ ಎದ್ದ ವಾರ ರಜತ್ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಜಗಲಿಗೆ ಬಂದಿದ್ದ.

"ಕೋಲ್ ಹಿಡ್ಕಂಡ್ ನಿಂತ್ರೆ ಯಾರೂ ಹೆದ್ರುದಿಲ್ಲೆ, ದಿನಕರಣ್ಣ. ನಿನ್ನೆ ಇಬ್ರ್ ದಿಮ್ಮಿ ಹಾರಿ ಒಳ್ಗ್ ಬಂದ್ರ್. ಕೋವಿ ಕೊಡಿ."

"ಕೋವಿ ಹಿಡುಕೆ ಗೊತ್ತಿತ್ತಾ ನಿಂಗೆ?"

"ಮೊಬೈಲಲ್ಲಿ ದಿನಾ ಆಡ್ತೆ ಅಲ್ದಾ."

"ಅದ್ರಲ್ಲಿ ಸತ್ತವ್ರ್ ಮತ್ತೆ ಎದ್ದ್ ಬತ್ರ್," ಎಂದಳು ದಿನಕರನ ಹೆಂಡತಿ ಜಲಜ, ಒಳಗಿನಿಂದ.

ದಿನಕರ ಎರಡೂ ಕಡೆ ತೂಗಿದ. ಕೊಡದಿದ್ದರೆ, ನಾಳೆ ಯಾವುದಾದರೂ ಮನೆಗೆ ಕಾಯಿಲೆ ಬಂದಾಗ, ಕೋವಿ ಇಟ್ಟುಕೊಂಡು ಸುಮ್ಮನೆ ಕೂತವನು ಎಂಬ ಮಾತು ಸಾಯುವವರೆಗೆ ಬೆನ್ನು ಬಿಡುವುದಿಲ್ಲ. ಕೊಟ್ಟರೆ, ಇವರಲ್ಲೊಬ್ಬ ತನ್ನ ಕಾಲಿಗೋ ಪಕ್ಕದವನ ಹೊಟ್ಟೆಗೋ ಈಡು ಹಾರಿಸಿಕೊಳ್ಳುತ್ತಾನೆ. ಕೊನೆಗೆ ಅವನು ಕೋವಿ ಕೊಟ್ಟ, ತೋಟೆ ಕೊಡಲಿಲ್ಲ. ಇದ್ದ ಐದು ತೋಟೆಗಳನ್ನು ಅಕ್ಕಿಯ ಮಡಕೆಯೊಳಗೆ ಹುಗಿದಿಟ್ಟ. ರಜತನನ್ನು ಬಾವಿಕಟ್ಟೆಯ ಹತ್ತಿರ ಕರೆದು, "ಇದ್ ನಮ್ಮಿಬ್ರ ನಡ್ವೆ ಇರ್ಲಿ," ಎಂದ. ತನ್ನ ಜಾಣತನದ ಬಗ್ಗೆ ಅವನಿಗೆ ಆ ದಿನವೆಲ್ಲ ಒಳಗೊಳಗೇ ಖುಷಿ ಇತ್ತು.

ಜಲಜ ಅಕ್ಕಿ ಅಳೆಯುವಾಗ ತೋಟೆ ಕಂಡಳು.

"ಖಾಲಿ ಕೋವಿ ಅಂದ್ ನಿಮ್ಗ್ ಗೊತ್ತಿತ್ತ್, ರಜತಂಗ್ ಗೊತ್ತಿತ್ತ್. ಎದ್ರ್ ನಿಂತವ್ನಿಗೆ ಹ್ಯಾಂಗ್ ಗೊತ್ತಾಪ್ದ್?"

"ಗೊತ್ತಾಪುಕಾಗ. ಅದೇ ಬೇಕಾದ್ದ್."

ಅವಳು ಸೇರನ್ನು ಮಡಕೆಯೊಳಗೆ ಹಾಗೇ ಬಿಟ್ಟು ಎದ್ದುಹೋದಳು.

*

ಮಂಜ ಮುಂಬೈಯ ಒಂದು ಹೋಟೆಲಿನಲ್ಲಿ ಮೊದಲು ಮೇಜು ಒರೆಸಿದ, ಆಮೇಲೆ ಚಹಾಕ್ಕೆ ನಿಂತ, ಅಲ್ಲಿಂದ ಮೇಲೆ ಹೋಗಲಿಲ್ಲ. ಜೊತೆಗೆ ಹೋದ ಎಷ್ಟೋ ಮಂದಿ ಸ್ವಂತ ಹೋಟೆಲು ಮಾಡಿದರು. ಮಂಜ ಅವರ ಹೋಟೆಲುಗಳ ಹೆಸರು ಹೇಳಿ ಹೆಮ್ಮೆಪಡುತ್ತಿದ್ದ. ಕುದ್ರುವಿನಿಂದ ಯಾವ ಹುಡುಗ ಮುಂಬೈಗೆ ಹೋದರೂ ಮೊದಲು ಮಲಗುತ್ತಿದ್ದದ್ದು ಅವನ ಚಾಪೆಯ ಅರ್ಧದಲ್ಲಿ. ರಜತನೂ ಮಲಗಿದ್ದ. ರಜತ್ ಲಾಕ್‌ಡೌನಿಗೆ ರೈಲು ಸಂಚಾರ ನಿಲ್ಲುವ ಮೊದಲೇ ಊರಿಗೆ ಬಂದ. ಮಂಜ ಮುಚ್ಚಿದ ಹೋಟೆಲನ್ನು ಕಾಯಲು ಉಳಿದ. ಹೋಟೆಲಿನ ಅಕ್ಕಿ ಮುಗಿದ ಮೇಲೆ ಈರುಳ್ಳಿ ಲಾರಿ ಹತ್ತಿದ.

ಸಂಕ ಆಗುವ ಮೊದಲು, ಇಳಿತದ ಹೊತ್ತಿಗೆ ಹೊಳೆಯಲ್ಲಿ ನಡೆದೇ ದಾಟುವ ದಾರಿಯೊಂದಿತ್ತು. ನೀರು ಸೊಂಟಕ್ಕೆ ಬರುತ್ತಿತ್ತು. ಊರಿಗೆ ಬರುವಾಗ ಮಂಜ ದೋಣಿಗೆ ಕಾಯದೆ ಪ್ಯಾಂಟನ್ನು ತಲೆಗೆ ಸುತ್ತಿ, ಚೀಲ ಎತ್ತಿ ಹಿಡಿದು, ದಡದಲ್ಲಿ ನಿಂತ ಹೆಂಗಸರು ನಗುತ್ತಿದ್ದರೂ ಲೆಕ್ಕಿಸದೆ ಬರುತ್ತಿದ್ದ. ಸಂಕ ಬಂದ ಮೇಲೆ ಆ ದಾರಿ ಯಾರಿಗೂ ಬೇಡವಾಯಿತು. ಮರಳು ತೆಗೆಯುವ ದೋಣಿಗಳಿಗೆ ಮಾತ್ರ ಬೇಕಾಯಿತು. ಅಲ್ಲೀಗ ಎರಡಾಳು ಆಳದ ಗುಂಡಿ. ಊರಲ್ಲಿದ್ದವರಿಗೆಲ್ಲ ಅದು ಗೊತ್ತು. ವರ್ಷಕ್ಕೊಮ್ಮೆ ಬಂದು ಸಂಕದ ಮೇಲೆ ನಡೆದು ಹೋಗುವವನಿಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಸಂಜೆ ಅವನು ಸಂಕದ ನಡುವಿನವರೆಗೆ ಬಂದು, "ಹ್ವಾಯ್, ನಾನ್ ಮಂಜ," ಎಂದು ಕೂಗಿದ. ರಜತ್ ಕೋವಿ ಎತ್ತಿದ. ಮಂಜ ಚೀಲ ಹಿಡಿದ ಕೈಯನ್ನೂ ಬರಿಗೈಯನ್ನೂ ಮೇಲೆತ್ತಿ, ಹಿಂದಿಂದಕ್ಕೆ ನಡೆದುಹೋದ. ಮರುದಿನ ಹೊಳೆಯಂಚಿನ ಕಾಂಡ್ಲ ಗಿಡಗಳ ಬೇರಿನ ನಡುವೆ ಹೆಣವಾಗಿ ಸಿಕ್ಕಿದ.

*

ದಿನಕರ ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ಚಟ್ಟ ನೆಟ್ಟಗಾಯಿತು. ವನಜ ಮುಂದೆ, ಶರಣ್ಯಾ ಹಿಂದೆ. ಸಂಕದ ಹಲಗೆಗಳು ಒಂದೊಂದಾಗಿ ಕಿರುಗುಟ್ಟಿದವು. ದಿಮ್ಮಿಗೆ ಹತ್ತು ಮಾರು ಇರುವಾಗ ರಜತ್ ಎದ್ದು ನಿಂತು ಕೋವಿಯನ್ನು ಹೆಗಲಿಗೆ ಆನಿಸಿದ.

"ಅಲ್ಲೇ ನಿಲ್ಲಿ."

"ಮಗಾ," ಅಂದಳು ವನಜ, "ನೀ ಅವ್ರ್ ಚಾಪೆಲಿ ಮಲ್ಗಿದವ. ಮನಿ ಹಿಂದೆ ಅವ್ರೇ ನೆಟ್ಟ ಮಾವಿನ ಮರ ಇತ್ತ್. ಅದನ್ನೇ ಕಡ್ದ್ ಸುಡ್ತೆ. ನಿಮ್ಮ ಬಾವಿ ಹತ್ರವೂ ಬತ್ತಿಲ್ಲೆ."

"ಗೊತ್ತಿತ್ತ್, ವನಜಕ್ಕ. ಆದ್ರೆ ಇವತ್ತ್ ಒಬ್ರನ್ನ ಬಿಟ್ರೆ ನಾಳೆ ಎಲ್ಲರನ್ನೂ ಬಿಡ್ಕ್."

ಮುಂದಿನ ತಮ್ಮ ನಿಂತುಬಿಟ್ಟ. "ತಿರ್ಗ್ಸುವ, ಅಕ್ಕ. ಬೀಜಾಡಿಯಲ್ಲೇ ಸುಡುವ. ಈ ಹುಡ್ಗ ಗುಂಡ್ ಹೊಡುದಕ್ಕೂ ಸೈ."

"ಎರಡ್ ಹೆಣ ಆಪುದ್ ಬೇಡ," ಎಂದ ಸುಧೀರ್, ಕೋವಿಯಿಂದ ಕಣ್ಣು ತೆಗೆಯದೆ.

ವನಜ ಸ್ವಲ್ಪ ಹೊತ್ತು ಗಂಡನ ಮುಚ್ಚಿದ ಮುಖ ನೋಡಿದಳು. ಆಮೇಲೆ ಮಗಳಿಗೆ ಹೇಳಿದಳು: "ತಿರ್ಗ್ಸ್ಲಿ, ಹೆಣ್ಣೆ. ನಿನ್ನಪ್ಪಯ್ಯನೂ ಹಿಂಗೇ ತಿರ್ಗಿದ್ದ್. ಮುಂದ್ ಬಂದಿದ್ರೆ ಇಲ್ಲೇ ಸಾಯ್ತಿದ್ರ್. ಬದ್ಕುಕೆ ಅಂದೇ ಹೊಳಿಗ್ ಇಳ್ದದ್ದ್."

ಹೆಣ ಸಿಕ್ಕಿದಾಗಿನಿಂದ ಅವಳು ಹಿಡಿದುಕೊಂಡಿದ್ದದ್ದು ಇದೊಂದೇ ಮಾತು. ಅದನ್ನು ಕಿತ್ತುಕೊಳ್ಳದೆ ಮಂಜನನ್ನು ಮನೆಗೆ ಒಯ್ಯುವ ದಾರಿ ದಿನಕರನಿಗೆ ಕಾಣಲಿಲ್ಲ. ಸಂಕದ ಅಗಲ ಸಾಲದೆ ಚಟ್ಟ ಓರೆಯಾಗಿ ತಿರುಗತೊಡಗಿತ್ತು.

"ತಿರ್ಗ್ಸ್ಬೇಡಿ," ಅಂದ. "ಅದ್ರಲ್ಲಿ ತೋಟೆ ಇಲ್ಲೆ. ತೋಟೆ ನಮ್ಮನಿ ಅಕ್ಕಿ ಮಡ್ಕೆಲಿ ಇತ್ತ್. ನಾನ್ ಕೊಟ್ಟದ್ದೇ ಖಾಲಿ ಕೋವಿ."

ಕಾವಲಿನ ಹುಡುಗರು ರಜತನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

"ಈಗ ಖಾಲಿ ಇಲ್ಲೆ, ದಿನಕರಣ್ಣ," ಅಂದ ರಜತ್.

ಮಂಜ ನಿಂತಿದ್ದ ಜಾಗ ಇದೇ ಇರಬೇಕು ಎಂದು ದಿನಕರನಿಗೆ ಅನ್ನಿಸಿತು. ಸುಳ್ಳೋ ನಿಜವೋ ಇಲ್ಲಿಂದ ಹೇಳಲು ಬರುವುದಿಲ್ಲ. ಕಪ್ಪು ತೂತು ಒಂದೇ ಥರ ಕಾಣುತ್ತದೆ. ಅವನು ಹೆಗಲನ್ನು ಮುಂದಕ್ಕೆ ದೂಡಿದ. ಚಟ್ಟ ಮುಂದೆ ಸರಿಯಿತು. ಬೀಳಬಾರದೆಂದು ಉಳಿದ ಮೂವರೂ ಹೆಜ್ಜೆ ಇಡಬೇಕಾಯಿತು. ಹತ್ತು ಮಾರು ಐದಾಯಿತು, ಐದು ಎರಡಾಯಿತು. ಹುಡುಗರಲ್ಲೊಬ್ಬ ಬಗ್ಗಿ ದಿಮ್ಮಿಯನ್ನು ಪಕ್ಕಕ್ಕೆ ಉರುಳಿಸಿದ. ರಜತ್ ಕೋವಿ ಇಳಿಸಿದ.

"ಬಿಚ್ಚಿ ತೋರ್ಸ್," ಅಂದಳು ಶರಣ್ಯಾ.

ಅವನು ಮಡಚಿ ಬಿಚ್ಚಿದ. ಅವಳು ನಳಿಗೆಗೆ ಕಣ್ಣಿಟ್ಟಳು. ಆ ತುದಿಯಲ್ಲಿ ಕಾಸಿನಷ್ಟಗಲ ಹೊಳೆ ಕಂಡಿತು, ಬಿಸಿಲಿಗೆ ಮಿಣುಗುತ್ತ.

ವನಜ ನೋಡಲಿಲ್ಲ. ದಿನಕರನ ಕಡೆ ತಿರುಗಿದಳು. "ಮೊನ್ನೆಯೂ ಹೀಂಗೇ ಇದ್ದಿತ್ತಾ?"

"ಹೌದ್."

ಅವಳು ಮುಂದೆ ನಡೆದಳು. ದಿನಕರನಿಗೆ ಕೋವಿ ಕಸಿದುಕೊಳ್ಳಬೇಕೆನಿಸಿತು. ಆದರೆ ಎರಡೂ ಕೈ ಬಿದಿರಿನ ಮೇಲಿದ್ದವು. ಬೆನ್ನ ಹಿಂದೆ ಕೋವಿ ಮುಚ್ಚಿಕೊಂಡ ಸದ್ದು ಕೇಳಿತು, ಆಮೇಲೆ ರಜತನ ದನಿ: "ನಾಳೆ ಎರಡ್ ಬಸ್ಸ್ ಬತ್ತ್ ಮುಂಬೈಯಿಂದ. ಯಡ್ತರೆಯಲ್ಲಿ ತೋಟೆ ಸಿಕ್ತ್, ವಿಚಾರ್ಸಿದ್ದೆ." ದಿಮ್ಮಿ ಮತ್ತೆ ಉರುಳಿ ಅಡ್ಡ ಬಿತ್ತು.

ಮಾವಿನ ಮರ ಹಸಿ ಇತ್ತು. ಹೊತ್ತಿಕೊಳ್ಳಲು ತಡವಾಯಿತು. ಅಷ್ಟರಲ್ಲಿ ಇಳಿತ ಮುಗಿದು, ಗುಂಡಿಗಳ ಮೇಲೆ ನೀರು ಮಟ್ಟಸವಾಗಿ ಏರಿತು. ಮೊನ್ನೆ ಹೊಳೆಗೆ ಹೋದದ್ದು ಒಂದು ಬಟ್ಟೆಯ ಚೀಲ, ಒಂದು ಮೊಬೈಲು, ಒಂದು ಜೊತೆ ಚಪ್ಪಲಿ, ಒಬ್ಬ ಮನುಷ್ಯ.