ಮುಚ್ಚಳದ ಸಾಕ್ಷಿ

"ಝೂಠ್ ಬೋಲ್ ರಹೀ ಹೈ ಯೇ ಔರತ್. ಸರಾಸರ್ ಝೂಠ್."

ಈ ಹೆಂಗಸು ಹೇಳುವುದೆಲ್ಲ ಶುದ್ಧ ಸುಳ್ಳು ಎಂದು ಡಾಕ್ಟರ್ ಸಂದೀಪ್ ಕಂಪ್ಯೂಟರಿನಿಂದ ಮುಖ ಎತ್ತದೆಯೇ ಹಿಂದಿಯಲ್ಲಿ ಹೇಳಿದ. ಪಕ್ಕದಲ್ಲಿದ್ದ ಸಂಯುಕ್ತಾ, ಬೆಂಗಳೂರಿನಿಂದ ದಿಲ್ಲಿಗೆ ಪಿಎಚ್.ಡಿ. ಮಾಡಲು ಬಂದ ಹುಡುಗಿ, ಹುಲಿಗೆಮ್ಮನ ಕಡೆ ತಿರುಗಿ ನಕ್ಕಳು.

"ಹುಲಿಗೆಮ್ಮ ಅವರೇ, ಡಾಕ್ಟರಿಗೆ ಸ್ವಲ್ಪ ಗೊಂದಲ ಆಗಿದೆಯಂತೆ. ಮಾತ್ರೆ ದಿನಾ ತಗೊಳ್ತಿದ್ದೀರಾ ಅಂತ ಇನ್ನೊಂದ್ಸಲ ಕೇಳ್ತಿದ್ದಾರೆ."

ಎಲಾ ಇವಳ! ಸಗಣಿಗೆ ಸಕ್ಕರೆ ಸವರಿ ಕೊಡುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ. ಹುಲಿಗೆಮ್ಮ ಕೊಪ್ಪಳದ ಕಡೆಯಿಂದ ಈ ಸೀಮೆಗೆ ಬಂದು ಒಂಬತ್ತು ವರ್ಷ. ತರಕಾರಿ ಭಯ್ಯಾನ ಜೊತೆ ಹಿಂದಿಯಲ್ಲೇ ಜಗಳ ತೆಗೆದು ಕೊತ್ತಂಬರಿಯನ್ನು ಪುಕ್ಕಟೆ ಹಾಕಿಸಿಕೊಂಡು ಬರುವ ಹೆಂಗಸು. ಆದರೆ ಮೊದಲ ದಿನ ಸಂಯುಕ್ತಾ ಕನ್ನಡದಲ್ಲಿ ಮಾತಾಡಿಸಿದಳು, ಇವಳು ಕನ್ನಡದಲ್ಲಿ ಉತ್ತರ ಕೊಟ್ಟಳು, ಫಾರಮ್ಮಿನಲ್ಲಿ ಭಾಷೆ ಕನ್ನಡ ಎಂದು ಬಿತ್ತು. ಹಿಂದಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಆಡುವವರು ಆಡಲಿ, ಕಿವಿಯಂತೂ ನಮ್ಮದು.

"ದಿನಾ ನುಂಗೀನ್ರಿ ಅಕ್ಕಾರ. ಒಂದಿನಾನೂ ತಪ್ಪಿಸಿಲ್ಲ. ನಮ್ಮವ್ವ ಹುಲಿಗೆವ್ವನ ಆಣಿ."

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. ಇಪ್ಪತ್ತೆಂಟು ಚೌಕಗಳು. ಒಂದು ಹಸಿರು, ಉಳಿದ ಇಪ್ಪತ್ತೇಳೂ ಕೆಂಪು. ಇವರು ಕೊಟ್ಟ ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಒಂದು ಯಂತ್ರವಿತ್ತು. ಮುಚ್ಚಳ ತೆಗೆದ ಗಳಿಗೆಯಲ್ಲೇ ಇಲ್ಲಿಗೆ ಸುದ್ದಿ ಬಂದು ಒಂದು ಚೌಕ ಹಸಿರಾಗುತ್ತಿತ್ತು. ಎಚ್.ಐ.ವಿ. ಇರುವವರು ದಿನದ ಮಾತ್ರೆಯನ್ನು ಸರಿಯಾಗಿ ನುಂಗುತ್ತಾರೋ ಇಲ್ಲವೋ, ತಪ್ಪಿಸಿದರೆ ಯಾಕೆ ತಪ್ಪಿಸುತ್ತಾರೆ ಎನ್ನುವುದೇ ಇವರ ಸಂಶೋಧನೆ.

"ಸರ್, ಆದ್ರೆ ಬ್ಲಡ್ ರಿಪೋರ್ಟ್ ಚೆನ್ನಾಗಿದೆ. ವೈರಸ್ ಕಾಣಿಸ್ತಾನೇ ಇಲ್ಲ," ಎಂದು ಸಂಯುಕ್ತಾ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು.

"ಸರಕಾರಿ ಕೇಂದ್ರದಿಂದಲೂ ತಗೋತಿರ್ತಾಳೆ. ಅದನ್ನ ನುಂಗ್ತಾಳೆ, ನಮ್ಮದನ್ನ ಮಾರ್ತಾಳೆ. ಇಂಥ ಜನ ನನಗೆ ಹೊಸಬರಾ? ಮುಚ್ಚಳ ಸುಳ್ಳು ಹೇಳಲ್ಲ. ಮನೆಗೆ ಹೋಗಿ ಎಣಿಸಿ." ಅವನದೂ ಹಿಂದಿಯೇ.

ಸಂಯುಕ್ತಾ ಮತ್ತೆ ನಕ್ಕಳು. "ರಕ್ತದ ರಿಪೋರ್ಟ್ ತುಂಬಾ ಚೆನ್ನಾಗಿದೆ ಅಂತಾರೆ. ನಿಮ್ಮ ಅನುಕೂಲಕ್ಕೆ ನಾವೇ ಒಂದ್ಸಲ ಮನೆಗೆ ಬಂದು ಮಾತ್ರೆ ಎಣಿಸ್ತೀವಿ."

ಹುಲಿಗೆಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಮನಿಗೆ ಬ್ಯಾಡ್ರಿ. ಕಾಲಿಗ್ ಬೀಳ್ತೀನಿ. ನಾನ ತರ್ತೀನಿ, ಇಲ್ಲೇ ಎಣಸ್ರಿ."

"ಹಾಗಾಗಲ್ಲ. ಮೊದಲೇ ಹೇಳಿ ಬಂದ್ರೆ ಎಣಿಕೆಗೆ ಅರ್ಥ ಇರಲ್ಲ. ಯಾವತ್ತು ಬರ್ತೀವಿ ಅಂತಾನೂ ಹೇಳೋ ಹಾಗಿಲ್ಲ. ನೀವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲೇ ಇದೆ, ಒಂಬತ್ತನೇ ಪುಟ."

"ಯಾರಿಗೂ ಗೊತ್ತಾಗಂಗಿಲ್ಲ ಅಂದಿದ್ರಿ."

"ಖಂಡಿತ ಗೊತ್ತಾಗಲ್ಲ. ಈ ಪರದೆ ಮೇಲೆ ನಿಮ್ಮ ಹೆಸರೇ ಇಲ್ಲ ನೋಡಿ. ನೀವು ಬರೀ ನೂರಾ ಹದಿನೇಳು." ಸಂಯುಕ್ತಾ ಅವಳ ಕೈ ತಟ್ಟಿ ಹೊಸ ಬಾಟಲಿ ಕೊಟ್ಟಳು. ಕೊರಳಿನ ಗುರುತಿನ ಚೀಟಿಗೆ ಸಿಕ್ಕಿಸಿದ ಕೆಂಪು ರಿಬ್ಬನ್ನಿನ ಪಿನ್ನು ಹೊಳೆಯಿತು. ಅಲ್ಲಿದ್ದವರೆಲ್ಲರ ಎದೆಯ ಮೇಲೂ ಅಂಥದೊಂದು ಇತ್ತು.

ನಿಜ ಏನೆಂದರೆ, ಹುಲಿಗೆಮ್ಮ ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ದಿಲ್ಲಿಯ ಹತ್ತಿರದ ಮಾನೇಸರಿನಲ್ಲಿ ಆರು ಹೆಂಗಸರು ಮಲಗುವ ಒಂದು ಕೋಣೆ ಅವಳ ಮನೆ. ಮೊದಲ ಬಾಟಲಿಯನ್ನು ತಂದ ದಿನ ಚೀಲದೊಳಗೆ ಅದು ಗಲಗಲ ಎಂದಿತು. "ಕ್ಯಾ ಹೈ ರೀ?" ಎಂದು ಪಕ್ಕದ ಹಾಸಿಗೆಯವಳು ಕತ್ತೆತ್ತಿದಳು. ಹುಲಿಗೆಮ್ಮ "ಗುಂಡಿ ಡಬ್ಬಿ" ಎಂದು ತೇಲಿಸಿ, ಹೊರಗೆ ಹೋಗಿ ಇಪ್ಪತ್ತೆಂಟೂ ಮಾತ್ರೆಗಳನ್ನು ಎಲೆ ಅಡಿಕೆ ಸಂಚಿಯ ಒಳಜೇಬಿಗೆ ಸುರಿದುಕೊಂಡಳು. ಆ ಸಂಚಿ ಅವಳ ಅವ್ವ ಹೊಲಿದುಕೊಟ್ಟದ್ದು. ಎಲೆಗೊಂದು ಜೇಬು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಅಲ್ಲಿಂದ ದಿನಾ ನಸುಕಿನಲ್ಲಿ ಒಂದು ಹೋಳು ಅಡಿಕೆಯ ಜೊತೆ ಒಂದು ಮಾತ್ರೆ ಬಾಯಿಗೆ ಹೋಗುತ್ತಿತ್ತು, ಮೇಲೆ ಒಂದು ಗುಟುಕು ನೀರು. ಎಲೆ ಹಾಕುವ ಹೆಂಗಸಿನ ಬಾಯನ್ನು ಯಾರು ಇಣುಕಿ ನೋಡುತ್ತಾರೆ? ಬರಿದಾದ ಬಾಟಲಿ ಎರಡು ಸೀರೆಗಳ ನಡುವೆ ಟ್ರಂಕಿನ ತಳ ಸೇರುತ್ತಿತ್ತು. ತೆಗೆದ ಸುದ್ದಿಯನ್ನು ಕಳಿಸುವ ಮುಚ್ಚಳ, ಕೋಣೆಯಲ್ಲಿ ಆಡಿದ ಮಾತನ್ನೂ ಕಳಿಸುವುದಿಲ್ಲವೆಂದು ಏನು ಗ್ಯಾರಂಟಿ?

ಇಷ್ಟನ್ನು ಹೇಳಿಬಿಡಬಹುದಿತ್ತಲ್ಲ ಎನ್ನಬಹುದು. ಹೇಗೆ ಹೇಳುವುದು ಸ್ವಾಮಿ? ಮಾತ್ರೆಗಳನ್ನು ಬಾಟಲಿಯಿಂದ ಬೇರೆ ಕಡೆ ಹಾಕಿದರೆ ಸಂಶೋಧನೆಯಿಂದಲೇ ಹೊರಗೆ ಹಾಕುತ್ತೇವೆ ಎಂದು ಅದೇ ಕಾಗದದಲ್ಲಿ ಇತ್ತು. ಹೊರಗೆ ಎಂದರೆ ಮತ್ತೆ ಸರಕಾರಿ ಕೇಂದ್ರದ ಸಾಲು. ಅಲ್ಲೂ ಇದೇ ಮಾತ್ರೆ, ಪುಕ್ಕಟೆಯೇ. ಆದರೆ ಒಂದು ಸಲ ಆ ಸಾಲಿನಲ್ಲಿ ಅವಳು ಕೆಲಸ ಮಾಡುವ ಕಾರ್ಖಾನೆಯ ಪ್ಯಾಕಿಂಗಿನವನೊಬ್ಬ ನಿಂತಿದ್ದ. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ ಎರಡು ತಾಸು ಕಳೆದಿದ್ದರು. ಇಲ್ಲಿ ಸಾಲಿಲ್ಲ, ಒಬ್ಬೊಬ್ಬರಿಗೂ ಬೇರೆ ಕೋಣೆ, ಬಾಗಿಲು ಹಾಕಿಕೊಳ್ಳುತ್ತದೆ. ಆ ಬಾಗಿಲಿನ ಆಸೆಗೆ ಅವಳು ಇವರ ಎಲ್ಲ ಪ್ರಶ್ನೆಗಳನ್ನೂ ನುಂಗಿಕೊಂಡಿದ್ದಳು. ಮೂರು ತಿಂಗಳಲ್ಲಿ ಎಷ್ಟು ಗಂಡಸರ ಜೊತೆ ಮಲಗಿದ್ದೀಯ ಎಂದು ಕೇಳುತ್ತಿದ್ದರು. ಕಾರು ಹೇರುವ ಟ್ರೇಲರ್ ಓಡಿಸುತ್ತಿದ್ದ ಗಂಡ ಈ ರೋಗ ಕೊಟ್ಟು ಸತ್ತು ನಾಲ್ಕು ವರ್ಷವಾಯಿತು, ಯಾರೂ ಇಲ್ಲ ಎಂದರೆ ಬರೆದುಕೊಂಡು, ಅದನ್ನೇ ತಿರುಗಿಸಿ ಇನ್ನೊಮ್ಮೆ ಕೇಳುತ್ತಿದ್ದರು. ಪೊಲೀಸರು ಕಳ್ಳನನ್ನು ಕೇಳುವುದು ಹೀಗೆಯೇ.

"ಎಂತ ಮಾರಾಯ್ತಿ, ನಾಲ್ಕು ವಾರಕ್ಕೊಂದು ಮಂಗಳವಾರ ಮಾಯ ಆಗ್ತೀಯಲ್ಲ. ದಿಲ್ಲಿಯಲ್ಲಿ ಯಾರನ್ನ ಇಟ್ಕೊಂಡಿದ್ದೀ?"

ಮರುದಿನ ಬೆಳಿಗ್ಗೆ ದತ್ತಾತ್ರೇಯ ಭಟ್ಟ ಇಡೀ ಅಡುಗೆಮನೆಗೆ ಕೇಳುವಂತೆ ಅಂದ. ಕಾರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯ ಕ್ಯಾಂಟೀನು ಅವನ ಗುತ್ತಿಗೆ. ಹುಡುಗರು ಹಲ್ಲು ಕಿರಿದರು. ಹುಲಿಗೆಮ್ಮ ಗ್ರೈಂಡರಿಗೆ ಉದ್ದು ಸುರಿದಳು. ಪಾತ್ರೆ ತಿಕ್ಕಲು ಸೇರಿದವಳು ಅವಳು. ಅವಳ ಕೈಯ ಹಿಟ್ಟು ಹೂವಿನ ಹಾಗೆ ಉಬ್ಬುತ್ತದೆಂದು ಗೊತ್ತಾದ ಮೇಲೆ ಭಟ್ಟ ಅವಳನ್ನು ರುಬ್ಬಲು ಹಾಕಿದ. "ಯಾರು ಕೇಳಿದ್ರೂ ಊರು ಹೇಳು, ಜಾತಿ ಮಾತ್ರ ಬಾಯಿ ಬಿಡ್ಬೇಡ," ಎಂದು ಕಿವಿಯಲ್ಲಿ ಹೇಳಿಯೂ ಇದ್ದ. ಆರು ವರ್ಷದಿಂದ ಕಾರ್ಖಾನೆಯ ಮಂದಿಯೆಲ್ಲ ಆ ಹಿಟ್ಟಿನ ದೋಸೆಯನ್ನೇ ತಿನ್ನುತ್ತಿದ್ದರು.

ಕೈ ತೊಳೆಯುವ ನಲ್ಲಿಯ ಮೇಲೆ ಒಂದು ಪೋಸ್ಟರ್ ಇತ್ತು. ದೊಡ್ಡ ಕೆಂಪು ರಿಬ್ಬನ್ನು, ಕೆಳಗೆ ಹಿಂದಿಯಲ್ಲಿ, ಜೊತೆಗೆ ಉಂಡರೆ ಎಚ್.ಐ.ವಿ. ಹರಡುವುದಿಲ್ಲ, ಭೇದ ಮಾಡಬೇಡಿ ಎಂದು. ಡಿಸೆಂಬರಿನಲ್ಲಿ ಕಂಪನಿಯವರು ಕೊಟ್ಟಾಗ ಭಟ್ಟನೇ ಅದನ್ನು ಅಂಟಿಸಿ, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡಿದ್ದ.

ಮನೆಗೆ ಬಂದು ಎಣಿಸುತ್ತೇವೆ ಎಂದಂದಿನಿಂದ ಹುಲಿಗೆಮ್ಮನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಬಿಳಿ ಕಾರು ಕಂಡರೆ ಇವರೇ ಬಂದರು. ಓಣಿಯಲ್ಲಿ ಯಾರಾದರೂ ಫೈಲು ಹಿಡಿದು ನಿಂತರೆ ಇವರೇ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಬಾಗಿಲಲ್ಲೇ ತಡೆದು "ಯಾರ್ ಬೇಕು ನಿನಗ?" ಎಂದು ಕನ್ನಡದಲ್ಲಿ ಗದರಿಸಿದಳು. ಪಾಪ, ಅವನು ಕಕ್ಕಾಬಿಕ್ಕಿಯಾದ. ಎಲ್ಲಿ ಬಂದು ಕೇಳುತ್ತಾರೋ ಎಂದು ಖಾಲಿ ಬಾಟಲಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡತೊಡಗಿದಳು. ಸಂಚಿಯಂತೂ ಅಲ್ಲೇ ಇರುತ್ತಿತ್ತು.

ಹತ್ತು ದಿನ ಕಳೆದು ಶುಕ್ರವಾರ. ಶುಕ್ರವಾರವೆಂದರೆ ದೋಸೆ. ಮಧ್ಯಾಹ್ನದ ಊಟಕ್ಕೆ ಕಾರ್ಮಿಕರು ತಟ್ಟೆ ಹಿಡಿದು ಬಾಗಿಲ ತನಕ ನಿಂತಿದ್ದರು. ಹುಲಿಗೆಮ್ಮ ಹಿಟ್ಟಿನ ಬಕೆಟ್ಟನ್ನು ಕಾವಲಿಯ ಹತ್ತಿರ ಇಟ್ಟು ತಲೆ ಎತ್ತಿದಳು. ಗೇಟಿನ ಕಾವಲುಗಾರನ ಹಿಂದೆ ಸಂಯುಕ್ತಾ.

"ಹುಲಿಗೆಮ್ಮ ಅವರೇ! ರೂಮಿಗೆ ಹೋಗಿದ್ದೆ, ಬೀಗ ಇತ್ತು. ಪಕ್ಕದವರು ಇಲ್ಲಿದ್ದೀರಿ ಅಂದ್ರು."

ಭಟ್ಟನ ಮುಖ ಅರಳಿತು. "ಓಹೋ, ಕನ್ನಡದವರು! ಬನ್ನಿ ಬನ್ನಿ. ದೋಸೆ ತಿಂದೇ ಹೋಗ್ಬೇಕು. ಎಂತ ವಿಷಯ?"

"ಒಂದು ಹೆಲ್ತ್ ಸರ್ವೆ ಸರ್. ಇವರ ಹತ್ರ ಐದು ನಿಮಿಷ ಮಾತಾಡ್ಬೇಕಿತ್ತು."

"ಸರ್ವೆಯಾ? ಹಾಗಾದ್ರೆ ನಮ್ಮ ಹುಡುಗರನ್ನೂ ಕರೀತೇನೆ. ಇವಳೊಬ್ಬಳನ್ನೇ ಎಂತಕ್ಕೆ?"

"ಅದು... ಕಂಪ್ಯೂಟರ್ ಆರಿಸಿದ ಹೆಸರು."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವಳ ಕೈ ತಾನಾಗಿ ಹೋಗಿ ಎದೆಯ ಮೇಲಿನ ಪಿನ್ನನ್ನು ಮುಚ್ಚಿತು. ಮುಚ್ಚದಿದ್ದರೆ ಭಟ್ಟ ಅದನ್ನು ನೋಡುತ್ತಲೇ ಇರಲಿಲ್ಲ. ಈಗ ನೋಡಿದ. ಆಮೇಲೆ ನಲ್ಲಿಯ ಮೇಲಿನ ಗೋಡೆ ನೋಡಿದ. ಆಮೇಲೆ ಹುಲಿಗೆಮ್ಮನನ್ನು.

"ನಾಲ್ಕು ವಾರಕ್ಕೊಂದು ಮಂಗಳವಾರ," ಎಂದ ತನಗೆ ತಾನೇ. ಮರುಗಳಿಗೆಯಲ್ಲಿ ಸೂರು ಹಾರುವಂತೆ ಕಿರುಚಿದ. "ಬೇವರ್ಸಿ ಮುಂಡೆ! ಈ ರೋಗ ಇಟ್ಕೊಂಡು ನನ್ನ ಹಿಟ್ಟಿಗೆ ಕೈ ಹಾಕ್ತೀಯಾ? ನನ್ನ ಅನ್ನಕ್ಕೆ ಮಣ್ಣು ಹಾಕ್ಲಿಕ್ಕೆ ಬಂದ್ಯಾ?"

"ಸರ್, ಹಿಟ್ಟು ಮುಟ್ಟಿದ್ರೆಲ್ಲ ಅದು ಹರಡಲ್ಲ! ಅವರಿಗೆ ಚಿಕಿತ್ಸೆ ನಡೀತಿದೆ..." ಎಂದು ಹೇಳಿ ಸಂಯುಕ್ತಾ ನಾಲಿಗೆ ಕಚ್ಚಿಕೊಂಡಳು. ಹರಡುವುದಿಲ್ಲ ಎನ್ನುತ್ತ ತಾನೇ ಡಂಗುರ ಸಾರಿದ್ದಳು.

ಭಟ್ಟ ಕೈಗೆ ಗೋಣಿ ಸುತ್ತಿಕೊಂಡು ಬಕೆಟ್ಟನ್ನು ಎತ್ತಿ ಮೋರಿಗೆ ಸುರಿದ. ದೊಡ್ಡ ಟಬ್ಬನ್ನು ಇಬ್ಬರು ಹುಡುಗರು ಕಾಲಿನಿಂದ ಒದ್ದು ಉರುಳಿಸಿದರು. ಹಾಲಿನಂಥ ಹಿಟ್ಟು ನೆಲದ ತುಂಬ ಹರಿಯಿತು. ಏನಾಯಿತೆಂದು ಸಾಲಿನಲ್ಲಿ ಒಬ್ಬ ಇನ್ನೊಬ್ಬನಿಗೆ ಹಿಂದಿಯಲ್ಲಿ ಹೇಳಿದ, ಅವನು ಮತ್ತೊಬ್ಬನಿಗೆ. ಮುಂದಿದ್ದವರು ಹಿಂದೆ ಸರಿದರು. ಆರು ವರ್ಷ ಅವಳ ಕೈಯ ಹಿಟ್ಟು ತಿಂದವರು.

"ಹೊರಗೆ ನಡಿ! ರೂಮಿನವರಿಗೂ ಫೋನ್ ಮಾಡಿಸ್ತೇನೆ. ಇವತ್ತು ರಾತ್ರಿ ಅಲ್ಲಿ ಹೇಗೆ ಮಲಗ್ತೀ ನೋಡ್ತೇನೆ!"

  ಕೆಲಸ ಹೋಯಿತು, ಕೋಣೆ ಹೋಯಿತು, ಹತ್ತು ದಿನದಿಂದ ಯಾವುದಕ್ಕೆ ಹೆದರಿದ್ದಳೋ ಅದು ಆಗಿಯೇ ಹೋಗಿತ್ತು. ಹುಲಿಗೆಮ್ಮ ಬಗ್ಗಿ, ಉರುಳಿದ ಟಬ್ಬನ್ನು ಬೋರಲು ಹಾಕಿ, ಕೌಂಟರಿನ ಎದುರಿಗೆ ಅದರ ಮೇಲೆ ಕೂತುಬಿಟ್ಟಳು.

"ಬಾ ತಂಗಿ. ಎಣಸಾಕ ಬಂದೀಯಲ್ಲ, ಎಣಸು."

ಸಂಚಿ ಬಿಚ್ಚಿ ಒಳಜೇಬನ್ನು ಕೌಂಟರಿನ ಮೇಲೆ ಕೊಡವಿದಳು. ಸುಣ್ಣದ ಪುಡಿ ಹತ್ತಿದ ಬಿಳಿ ಮಾತ್ರೆಗಳು ಉರುಳಿದವು.

"ಇಪ್ಪತ್ತೆಂಟು ಕೊಟ್ಟಿದ್ದಿ. ಹತ್ತು ದಿನ ಆತು. ಎಷ್ಟಿರಬೇಕು?"

ಸಂಯುಕ್ತಾ ಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸಿದಳು. "ಹದಿನೆಂಟು. ಹದಿನೆಂಟಿದೆ." ಅವಳ ಕಣ್ಣು ತುಂಬಿತ್ತು. "ಮತ್ತೆ ಬಾಟಲಿಯಲ್ಲಿ ಯಾಕೆ ಇಡಲಿಲ್ಲ? ಒಂದು ಮಾತು ಹೇಳಿದ್ರೆ..."

"ಗಲಗಲ ಅಂತೈತಿ ಅದು. ಆರು ಮಂದಿ ಒಂದ ಖೋಲಿ. ನೀವು ಸುಳ್ಳಿ ಅಂದ್ರಿ, ಮಾರ್ಕೊಂತಾಳ ಅಂದ್ರಿ. ಯಾಕವ್ವಾ ಅಂತ ಒಮ್ಮೆರ ಕೇಳಿದ್ರೇನು?"

ಕನ್ನಡದಲ್ಲಿ ಯಾರೂ ಹೇಳದಿದ್ದ ಮಾತು ಇವಳ ಬಾಯಿಂದ ಹೇಗೆ ಬಂತೆಂದು ಸಂಯುಕ್ತಾ ಬೆಚ್ಚಿದಳು.

ಹುಲಿಗೆಮ್ಮ ಸೊಂಟದಿಂದ ಖಾಲಿ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿ ತೆಗೆದಳು, ಹಾಕಿದಳು. ಮತ್ತೆ ತೆಗೆದಳು, ಹಾಕಿದಳು.

"ಹುಲಿಗೆಮ್ಮ ಅವರೇ, ಬೇಡ! ಪ್ಲೀಸ್, ಹಾಗೆ ಮಾಡಬೇಡಿ. ಡೇಟಾ ಎಲ್ಲಾ ಹಾಳಾಗುತ್ತೆ!"

ಬಾಯಿಂದ ಬಂದ ಮೇಲೆ ಸಂಯುಕ್ತಾಳಿಗೇ ಅದು ಕೇಳಿಸಿತೋ ಏನೋ, ಅಲ್ಲೇ ನಿಂತಳು.

"ನನ್ನ ಬಾಳೇವ ಹಾಳಾತು," ಎಂದಳು ಹುಲಿಗೆಮ್ಮ. "ನಿಂದೂ ಈಟು ಹಾಳಾಗ್ಲಿ ಬಿಡು."

ತೆಗೆದಳು, ಹಾಕಿದಳು. ಕಾವಲಿಯ ಮೇಲಿದ್ದ ಒಂದು ದೋಸೆ ಸೀದು ಹೊಗೆ ಏಳುತ್ತಿತ್ತು, ಯಾರೂ ತೆಗೆಯಲಿಲ್ಲ. ಸಂಯುಕ್ತಾಳ ಫೋನು ಬಡಿದುಕೊಂಡಿತು. ಎತ್ತಿದರೆ ಡಾಕ್ಟರ್ ಸಂದೀಪನ ದನಿ, ಪಕ್ಕದವರಿಗೂ ಕೇಳುವಷ್ಟು ಜೋರು. ನೂರಾ ಹದಿನೇಳರ ಮುಚ್ಚಳಕ್ಕೆ ಏನಾಗಿದೆ, ಪರದೆಯ ಮೇಲೆ ಒಂದೇ ಸಮನೆ ಬರುತ್ತಿದೆಯಲ್ಲ ಎಂದು ಹಿಂದಿಯಲ್ಲಿ ಅರಚುತ್ತಿದ್ದ.

ಹುಲಿಗೆಮ್ಮ ಕೈ ನಿಲ್ಲಿಸದೆ ಫೋನಿನ ಕಡೆ ಬಾಗಿದಳು.

"ಢಕ್ಕನ್ ಝೂಠ್ ನಹೀಂ ಬೋಲ್ತಾ, ಡಾಕ್ಟರ್ ಸಾಬ್," ಎಂದು ಮುಚ್ಚಳದ ಬಗ್ಗೆ ಅವನಾಡಿದ ಮಾತನ್ನೇ ಹಿಂದಿಯಲ್ಲಿ ತಿರುಗಿಸಿ ಕೊಟ್ಟಳು. "ಗಿನ್ತೇ ರಹೋ." ಎಣಿಸುತ್ತಲೇ ಇರು ಎಂದು.

 ಭಟ್ಟ ಸೆಕ್ಯೂರಿಟಿಯನ್ನು ಕೂಗುತ್ತಿದ್ದ. ಕಾವಲುಗಾರ ಬಂದ, ಆದರೆ ಅವಳನ್ನು ಮುಟ್ಟಿ ಎಬ್ಬಿಸಲು ಅವನಿಗೂ ಧೈರ್ಯವಾಗದೆ ಎರಡು ಮಾರು ದೂರದಲ್ಲಿ ಲಾಠಿ ಹಿಡಿದು ನಿಂತ. ಹಿಟ್ಟು ಅವನ ಬೂಟಿನ ತನಕ ಹರಿದು ಬಂದಿತ್ತು. ಹುಲಿಗೆಮ್ಮ ಯಾರನ್ನೂ ನೋಡಲಿಲ್ಲ. ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು, ಹಾಕಿದಳು. ಎಷ್ಟಾಯಿತೆಂದು ಅವಳು ಎಣಿಸಲಿಲ್ಲ. ಎಣಿಸುವ ಕೆಲಸ ಅವರದು.